ದಿವಾದಲ್ಲಿ ಹತ್ತಲಾಗದವಳು

ಅವಳ ಕೈ ಬ್ಯಾಗಿನೊಳಗೆ ಇತ್ತು. ಇದೊಂದನ್ನು ನಾನು ಈಗಲೂ ಎಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಆ ಕೈಯಲ್ಲಿ ಏನಿತ್ತು ಎಂಬುದನ್ನು ಮಾತ್ರ ಒಂದು ಸಲ ಒಂದು ರೀತಿ, ಇನ್ನೊಂದು ಸಲ ಇನ್ನೊಂದು ರೀತಿ ಹೇಳಿದ್ದೇನೆ. ಮೊದಲನೆಯ ಸಲ ಹೇಳಿದ್ದರಿಂದ ಒಬ್ಬ ಹೆಂಗಸು ನಾಲ್ಕು ತಿಂಗಳು ದಿವಾ ಸ್ಟೇಷನ್ನಿನಲ್ಲಿ ಗಾಡಿ ಹತ್ತಲಾಗದೆ ನಿಂತಳು. ಅವಳ ಕೆಲಸ ಹೋಗುವುದರಲ್ಲಿತ್ತು.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಡೋಂಬಿವಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮುಂಬೈಯ ವಿ.ಟಿ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನನ್ನ ಕಚೇರಿ. ಸ್ಟೇಷನ್ನಿನ ಹೆಸರು ಬದಲಾಗಿ ಎಷ್ಟೋ ಕಾಲವಾಗಿದೆ, ನಮ್ಮ ಬಾಯಲ್ಲಿ ಅದು ಇನ್ನೂ ವಿ.ಟಿ.ಯೇ. ಬೆಳಿಗ್ಗೆ ಡೋಂಬಿವಲಿಯಿಂದಲೇ ಹೊರಡುವ ಒಂದು ಫಾಸ್ಟ್ ಲೋಕಲ್ ಇದೆ. ಹೊರಡುವ ಗಾಡಿ ಎಂದರೆ ಖಾಲಿ ಇರುತ್ತದೆ ಎಂದುಕೊಳ್ಳಬೇಡಿ. ಅದು ವಿ.ಟಿ. ಕಡೆಯಿಂದ ಬಂದು ಡೋಂಬಿವಲಿಯಲ್ಲಿ ಮುಖ ತಿರುಗಿಸುವ ಗಾಡಿ. ಬರುವಾಗಲೇ ಠಾಣೆಯವರು, ದಿವಾದವರು ಅದರಲ್ಲಿ ಉಲ್ಟಾ ಹತ್ತಿ ಕೂತಿರುತ್ತಾರೆ. ಮುಂಬೈಗೆ ಹೋಗಬೇಕಾದವರು ಮುಂಬೈಗೆ ಬೆನ್ನು ಹಾಕಿ ಹಿಂದಕ್ಕೆ ಬಂದು, ಸೀಟು ಹಿಡಿದು, ಅದೇ ಗಾಡಿಯಲ್ಲಿ ಮತ್ತೆ ಮುಂದಕ್ಕೆ ಹೋಗುವುದಕ್ಕೆ 'ಡೌನ್ ಮಾಡುವುದು' ಎನ್ನುತ್ತೇವೆ. ಡೋಂಬಿವಲಿಯ ನಾವು ಅವರನ್ನು ಕಳ್ಳರೆಂದೇ ಬೈಯುತ್ತೇವೆ. ನಮ್ಮವರೇ ಎಷ್ಟೋ ಜನ ಕಲ್ಯಾಣದ ಗಾಡಿಯಲ್ಲಿ ಇದೇ ಕೆಲಸ ಮಾಡುತ್ತಾರೆ. ಅದಕ್ಕೆ ಬೈಗುಳವಿಲ್ಲ.

ಆ ಗಾಡಿಯ ನಡುವಿನ ಲೇಡೀಸ್ ಡಬ್ಬಿಯಲ್ಲಿ ನಮ್ಮದೊಂದು ಗ್ರೂಪು. ಏಳೆಂಟು ಜನ, ಹೆಚ್ಚಿನವರು ಮರಾಠಿಯವರು. ಗ್ರೂಪಿನ ಹಿರಿಯರು ಉಡುಪಿ ಕಡೆಯ ಒಬ್ಬರು, ಎಲ್ಲರಿಗೂ 'ಅಕ್ಕ'. ಮರಾಠಿಯವರೂ ಅಕ್ಕ ಎಂದೇ ಕರೆಯುತ್ತಿದ್ದರು. ಯಾರು ಎಲ್ಲಿ ಕೂರಬೇಕು, ಠಾಣೆ ದಾಟಿದ ಮೇಲೆ ಯಾರು ಎದ್ದು ಯಾರಿಗೆ ಸೀಟು ಬಿಡಬೇಕು, ಎಲ್ಲ ಅವರೇ ಹೇಳುವುದು. ಅವರ ಮಾತು ಮೀರಿದವರು ಒಂದು ವಾರ ನಿಂತೇ ಹೋಗುತ್ತಿದ್ದರು.

ದಿವಾದವಳನ್ನು ಗ್ರೂಪಿಗೆ ಸೇರಿಸಿದ್ದು ನಾನು. ವಿಜಾಪುರದ ಕಡೆಯ ಹೆಣ್ಣುಮಗಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಡೌನ್ ಮಾಡಿ ಬಂದು ಕಿಟಕಿಯ ಪಕ್ಕ ಕೂತಿದ್ದಳು. ನಾನು ಹತ್ತಿದವಳೇ ಮರಾಠಿಯಲ್ಲಿ ಬೈಯಲು ಶುರು ಮಾಡಿದೆ. ಅವಳು ಫೋನಿನಲ್ಲಿ ಯಾರಿಗೋ, "ಇಲ್ಲೊಬ್ಬಾಕಿ ಒದರಾಕತ್ತಾಳ, ಆಮ್ಯಾಲೆ ಮಾತಾಡ್ತೀನಿ" ಎಂದಳು. ನನಗೆ ನಗು ಬಂತು.

"ಒದರಾಕತ್ತಾಕಿಗೆ ಕನ್ನಡ ಬರ್ತೈತಿ" ಎಂದೆ.

"ಅಯ್ಯ, ತಪ್ಪಾತ್ರೀ ವೈನಿ. ಕೂಡ್ರಿ, ನಾ ಏಳ್ತೀನಿ" ಎಂದು ನಿಜವಾಗಿಯೂ ಎದ್ದಳು. ನಮ್ಮ ಕಡೆ ವೈನಿ ಎಂದರೆ ಅತ್ತಿಗೆ.

ಈ ಪ್ರಸಂಗವನ್ನು ನಾನು ಬಹಳ ಸಲ ಹೇಳಿದ್ದೇನೆ, ಪ್ರತಿ ಸಲ ಕೇಳಿದವರು ನಕ್ಕಿದ್ದಾರೆ. ಅದಕ್ಕೇ ನನಗೆ ಇದರ ಮೇಲೂ ಅನುಮಾನ. ಅವಳು ಎದ್ದಿರಲಿಕ್ಕಿಲ್ಲ. ಏಳುವ ಹಾಗೆ ಮಾಡಿರಬಹುದು. ನಾನು ಅವಳನ್ನು ಗ್ರೂಪಿಗೆ ಸೇರಿಸಿದ್ದು ಭಾಷೆಗಾಗಿಯೂ ಇರಲಿಕ್ಕಿಲ್ಲ. ಗಾಡಿಯ ಜೊತೆಗೇ ಬರುವವಳಾದ್ದರಿಂದ ಅವಳು ಓಢಣಿ, ಟಿಫಿನ್ ಚೀಲ, ನೀರಿನ ಬಾಟಲಿ ಚೆಲ್ಲಿ ನಮಗಾಗಿ ನಾಲ್ಕು ಸೀಟು ಹಿಡಿದಿಡುತ್ತಿದ್ದಳು. ಮೂರು ವರ್ಷ ಹಿಡಿದಳು. ಅಕ್ಕನಿಗೆ ಕಿಟಕಿ, ನನಗೆ ಅವರ ಪಕ್ಕ.

ಅವಳಿಗೆ ವಿ.ಟಿ. ಹತ್ತಿರ ಒಂದು ಪಾರ್ಸೆಲ್ ಕಚೇರಿಯಲ್ಲಿ ಕಾಂಟ್ರ್ಯಾಕ್ಟಿನ ಕೆಲಸ. ಬಂದ ಪಾರ್ಸೆಲ್ಲುಗಳನ್ನು ಕಂಪ್ಯೂಟರಿನಲ್ಲಿ ದಾಖಲು ಮಾಡುವುದು. ಬಾಗಿಲಲ್ಲಿ ಬೆರಳೊತ್ತುವ ಯಂತ್ರವಿತ್ತು. ಅದಕ್ಕೆ ದಿವಾ ಗೊತ್ತಿಲ್ಲ, ಗಾಡಿಯ ನೂಕುನುಗ್ಗಲಿನ ಗರ್ದಿ ಗೊತ್ತಿಲ್ಲ, ತಡವೆಂದರೆ ತಡ.

ಇನ್ನು ಆ ದಿನದ ವಿಷಯ. ಸಂಕ್ರಾಂತಿ ಕಳೆದು ನಾವೆಲ್ಲ ಕಚೇರಿಗೆ ಹೊರಟ ಮೊದಲ ದಿನ. ಪ್ರತಿ ವರ್ಷ ಆ ವಾರದಲ್ಲಿ ಡಬ್ಬಿಯೊಳಗೇ ಅರಿಸಿನ-ಕುಂಕುಮ ಮಾಡುತ್ತೇವೆ. ಓಡುವ ಗಾಡಿಯಲ್ಲಿ ಒಬ್ಬರು ಎದ್ದು ನಿಂತು ಎಲ್ಲರ ಹಣೆಗೆ ಹಚ್ಚುವುದು, ಎಳ್ಳುಂಡೆ ಕೊಡುವುದು, ಜೊತೆಗೊಂದು ಸಣ್ಣ ವಸ್ತು. ಆ ವರ್ಷ ಅಕ್ಕ ಚಹಾ ಸೋಸುವ ಜಾಲರಿ ತಂದಿದ್ದರು. ಠಾಣೆ ಬಿಟ್ಟ ಮೇಲೆ ಅವರು ಎದ್ದು ನಿಂತರು. ನಿಂತವರ ಬ್ಯಾಗು ಕೂತವರ ತೊಡೆಯ ಮೇಲೆ ಇರುವುದು ಲೋಕಲ್ಲಿನ ವಾಡಿಕೆ. ಅಕ್ಕನ ಬ್ಯಾಗು ದಿವಾದವಳ ತೊಡೆಯ ಮೇಲಿತ್ತು. ಆ ದಿನ ಮಾತ್ರ ನಾನು ಎದುರಿನ ಸೀಟಿನಲ್ಲಿದ್ದೆ.

ಅಕ್ಕನ ಬ್ಯಾಗಿನಲ್ಲಿ ಒಂದು ಸಣ್ಣ ಕೆಂಪು ಪರ್ಸು ಇರುತ್ತದೆಂದು ಗ್ರೂಪಿಗೆಲ್ಲ ಗೊತ್ತು. ಗಾಡಿಯಲ್ಲಿ ಚಿನ್ನ ಹಾಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅಕ್ಕ ಮನೆಯಿಂದ ನಕಲಿ ಕರಿಮಣಿ ಹಾಕಿಕೊಂಡು ಹೊರಡುತ್ತಿದ್ದರು. ಚಿನ್ನದ ಕರಿಮಣಿ ಆ ಪರ್ಸಿನಲ್ಲಿ. ಕಚೇರಿಗೆ ಹೋಗಿ ಬದಲಿಸುವುದು, ಸಂಜೆ ಮತ್ತೆ ನಕಲಿ. ವರ್ಷಗಟ್ಟಲೆ ದಿನಕ್ಕೆ ಎರಡು ಸಲ.

ಮಧ್ಯಾಹ್ನ ಅಕ್ಕನ ಫೋನು ಬಂತು. "ಪರ್ಸು ಖಾಲಿ ಉಂಟು ಮಾರಾಯ್ತಿ. ಕರಿಮಣಿ ಇಲ್ಲ."

"ಮನೆಯಲ್ಲಿ ಬಿಟ್ಟಿಲ್ಲವಷ್ಟೆ?"

"ಬೆಳಿಗ್ಗೆ ನಾನೇ ಹಾಕಿದ್ದು. ಈ ಕೈಯಲ್ಲಿ."

ಮತ್ತೆ ಅವರೇ ಕೇಳಿದರು: "ಬ್ಯಾಗು ಅವಳ ಹತ್ತಿರ ಇತ್ತಲ್ಲ? ನೀನು ಎದುರಿಗೇ ಇದ್ದೆ. ಅವಳು ಕೈ ಹಾಕಿದ್ದು ನೋಡಿದ್ದೀಯಾ?"

ನೋಡಿದ್ದೆ. ಹೌದು ಎಂದೆ.

"ಕೆಂಪಗಿನದ್ದು ಏನಾದರೂ ತೆಗೆದಳಾ?"

ನನ್ನ ಕಣ್ಣ ಮುಂದೆ ಕೆಂಪು ಬಂತು. ಈ ಪ್ರಶ್ನೆ ಕೇಳುವ ಮೊದಲು ಅಲ್ಲಿ ಕೆಂಪು ಇತ್ತೋ ಇಲ್ಲವೋ ನನಗೆ ತಿಳಿಯದು. ಕೇಳಿದ ಮೇಲಂತೂ ಇತ್ತು. "ಹೌದು ಅಂತ ಕಾಣ್ತದ" ಎಂದೆ.

ಸಂಜೆ ವಿ.ಟಿ.ಯ ದೊಡ್ಡ ಹಜಾರದಲ್ಲಿ, ಗಾಡಿಗಳ ಸಮಯ ತೋರಿಸುವ ಇಂಡಿಕೇಟರಿನ ಕೆಳಗೆ ನಾವೆಲ್ಲ ಸೇರಿದೆವು. ಅಲ್ಲಿ ಸಾವಿರಾರು ಜನ ಒಂದೇ ಕಡೆ ಕತ್ತೆತ್ತಿ ನಿಂತಿರುತ್ತಾರೆ. ಯಾವ ಪ್ಲಾಟ್‌ಫಾರ್ಮಿಗೆ ಯಾವ ಗಾಡಿ ಎಂದು ಬೀಳುತ್ತಲೇ ಅರ್ಧ ಹಜಾರ ಓಡುತ್ತದೆ. ಯಾರ ಮುಖವನ್ನೂ ಯಾರೂ ನೋಡುವುದಿಲ್ಲ. ಅಲ್ಲಿ ಅಳುವವರನ್ನು ನೋಡಿದ್ದೇನೆ, ಜಗಳವಾಡುವವರನ್ನು ನೋಡಿದ್ದೇನೆ, ಎಲ್ಲರೂ ಒಂದು ಕಣ್ಣನ್ನು ಮೇಲೆಯೇ ಇಟ್ಟಿರುತ್ತಾರೆ. ದಿವಾದವಳು ಏನೂ ಗೊತ್ತಿಲ್ಲದೆ ನಗುತ್ತ ಬಂದಳು. ಅವಳ ಹಣೆಯ ಮೇಲೆ ಬೆಳಗಿನ ಅರಿಸಿನ ಇನ್ನೂ ಇತ್ತು.

ಅಕ್ಕ ನೇರವಾಗಿ ಕೇಳಿದರು. "ನನ್ನ ಕೆಂಪು ಪರ್ಸು ಯಾಕೆ ತೆಗೆದದ್ದು ನೀನು?"

"ಪರ್ಸು? ಕುಂಕುಮದ ಕರಡಿಗಿ ತಗೀ ಅಂದ್ರಲ್ರೀ ಅಕ್ಕಾರ. ಅದನ್ನ ತಗದು ಕೊಟ್ಟೆ."

"ನಾನು ಹಾಗೆ ಹೇಳಲೇ ಇಲ್ಲ. ಇವಳು ನೋಡಿದ್ದಾಳೆ."

ಒಬ್ಬ ಮರಾಠಿಯವಳು, "ಕಾಯ್ ಝಾಲಂ?" ಏನಾಯಿತು ಎಂದು ನಡುವೆ ತಲೆ ಹಾಕಿದಳು. ಅಕ್ಕ ಅವಳಿಗೆ ಎರಡೇ ಮಾತಿನಲ್ಲಿ ಹೇಳಿದರು. ಅವಳು ತನ್ನ ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಂಡಳು.

ದಿವಾದವಳು ನನ್ನ ಕಡೆ ತಿರುಗಿದಳು. "ವೈನಿ, ನೀವು ಎದುರಿಗೇ ಇದ್ರಿ. ಹೇಳ್ರಿ."

ಆಗ ಇಂಡಿಕೇಟರಿನಲ್ಲಿ ನಮ್ಮ ಗಾಡಿ ಬಿತ್ತು. ಎಲ್ಲರೂ ಓಡಿದರು. ನಾನೂ ಓಡಿದೆ. ನನಗೆ ಹೇಳಲು ಸಮಯವೇ ಸಿಗಲಿಲ್ಲ. ನಾಲ್ಕು ತಿಂಗಳು ನಾನು ಇದನ್ನು ಹೀಗೆಯೇ ನೆನಪಿಟ್ಟುಕೊಂಡಿದ್ದೆ. ಗಂಡನಿಗೂ ಹೀಗೆಯೇ ಹೇಳಿದ್ದೆ.

ಮರುದಿನ ಅಕ್ಕ ಅವಳನ್ನು ಫೋನಿನ ಗ್ರೂಪಿನಿಂದ ತೆಗೆದರು. ಪೊಲೀಸರ ಹತ್ತಿರ ಯಾರೂ ಹೋಗಲಿಲ್ಲ. "ಬಡವಳು, ಹಾಳಾಗಿ ಹೋಗಲಿ" ಎಂದು ಅಕ್ಕ ದೊಡ್ಡ ಮನಸ್ಸು ಮಾಡಿದರು. ಅದು ದೊಡ್ಡ ಮನಸ್ಸು ಎಂದು ನಾವೂ ಒಪ್ಪಿದೆವು. ಅವಳು ಎರಡು ದಿನ ಡೌನ್ ಮಾಡಿ ಬಂದಳು. ಅವಳ ಪಕ್ಕ ಯಾರೂ ಕೂರಲಿಲ್ಲ. ಆ ಗರ್ದಿಯಲ್ಲಿ, ಒಂದು ಅಂಗೈಯಗಲ ಜಾಗಕ್ಕೆ ಹೊಡೆದಾಡುವ ಡಬ್ಬಿಯಲ್ಲಿ, ಅವಳ ಪಕ್ಕ ಒಂದು ಪೂರ್ತಿ ಸೀಟು ಖಾಲಿ. ಮೂರನೆಯ ದಿನ ಅವಳು ಬರಲಿಲ್ಲ.

ಆಮೇಲೆ ಅವಳು ದಿವಾ ಪ್ಲಾಟ್‌ಫಾರ್ಮಿನಲ್ಲಿ ಕಾಣಿಸತೊಡಗಿದಳು. ಡೌನ್ ಮಾಡದೆ ದಿವಾದಲ್ಲೇ ಹತ್ತುವುದೆಂದರೆ ಏನೆಂದು ಹೇಳಬೇಕು. ಗಾಡಿ ಡೋಂಬಿವಲಿಯಲ್ಲೇ ತುಂಬಿರುತ್ತದೆ. ಬಾಗಿಲಲ್ಲಿ ನಿಂತವರು ಕಂಬಿ ಹಿಡಿದು ಗೋಡೆ ಕಟ್ಟಿದಂತೆ ನಿಲ್ಲುತ್ತಾರೆ. ಗಾಡಿ ಕೆಲವು ಸೆಕೆಂಡು ನಿಲ್ಲುತ್ತದೆ, ಕೆಳಗಿನವರು ಕೂಗುತ್ತಾರೆ, ಮೇಲಿನವರು ಬೇರೆ ಕಡೆ ನೋಡುತ್ತಾರೆ, ಗಾಡಿ ಹೊರಡುತ್ತದೆ. ಗಟ್ಟಿಗಿತ್ತಿಯರು ಇಬ್ಬರು ಮೂವರು ಜೋತುಬೀಳುತ್ತಾರೆ. ಉಳಿದವರು ಮುಂದಿನ ಗಾಡಿಗೆ, ಅದರ ಮುಂದಿನದಕ್ಕೆ. ಅವಳು ಗಟ್ಟಿಗಿತ್ತಿಯಲ್ಲ. ಬೇರೆ ಡಬ್ಬಿಗೆ ಹೋಗಿ ಪ್ರಯತ್ನ ಮಾಡುವುದೂ ಕಂಡಿತು. ಅಲ್ಲಿಯೂ ಇದೇ ಗೋಡೆ.

ಒಂದು ದಿನ ಬಾಗಿಲಲ್ಲಿ ನಿಂತ ನಮ್ಮ ಗ್ರೂಪಿನವಳೊಬ್ಬಳು ಒಳಗೆ ತಿರುಗಿ, "ಬ್ಯಾಗು ಸಂಭಾಳಿಸಿಕೊಳ್ಳಿ, ದಿವಾ ಬಂತು" ಎಂದಳು. ಎಲ್ಲ ನಕ್ಕರು. ನಾನು ನಕ್ಕೆನೇ? ಇಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ತಡೆದಿದ್ದೇನೆ.

ಮೇ ತಿಂಗಳಲ್ಲಿ ಅಕ್ಕನಿಗೆ ಜ್ವರ ಬಂದು ನಾಲ್ಕೈದು ದಿನ ಗಾಡಿಗೆ ಬರಲಿಲ್ಲ. ಒಂದು ಭಾನುವಾರ ನೋಡಲು ಹೋದೆ. ಮಂಚದ ಮೇಲೆ ಮಲಗಿದ್ದರು, ಗಂಜಿ ಆಗಷ್ಟೇ ಕುಡಿದಿದ್ದರು. ಕೊರಳಲ್ಲಿ ಚಿನ್ನದ ಕರಿಮಣಿ.

"ಹೊಸದು ಮಾಡಿಸಿದ್ರೇನು?" ಎಂದೆ.

"ಹ್ಞೂಂ" ಎಂದು ಸೆರಗು ಎಳೆದುಕೊಂಡರು.

ಎಳೆದುಕೊಂಡದ್ದೇ ತಪ್ಪಾಯಿತು. ಇಲ್ಲದಿದ್ದರೆ ನಾನು ಎರಡನೆಯ ಸಲ ನೋಡುತ್ತಿರಲಿಲ್ಲ. ಹಳೆಯ ಕರಿಮಣಿಯ ಕೊಂಡಿ ಸಡಿಲಾಗಿ ಅವರು ಅಲ್ಲಿ ಕಪ್ಪು ದಾರ ಸುತ್ತಿದ್ದರು. ಇದರಲ್ಲೂ ಕಪ್ಪು ದಾರ ಇತ್ತು. ಹಳೆಯದರಲ್ಲಿ ನಿಜವಾಗಿಯೂ ದಾರ ಇತ್ತೇ, ಅಥವಾ ಇದರಲ್ಲಿ ನೋಡಿ ಅದಕ್ಕೆ ಸುತ್ತುತ್ತಿದ್ದೇನೆಯೇ ಎಂದು ನಾನು ಯೋಚಿಸುತ್ತಿರುವಾಗ ಅವರೇ ಎದ್ದು ಕೂತರು.

"ಸಿಕ್ಕಿತು ಮಾರಾಯ್ತಿ. ನೀನು ಹಾಗೆ ನೋಡುವುದು ಬೇಡ."

"ಎಲ್ಲಿ?"

"ಸೀಗೆಪುಡಿಯ ಡಬ್ಬದಲ್ಲಿ. ಸಂಕ್ರಾಂತಿಗೆ ಎಣ್ಣೆ ಸ್ನಾನಕ್ಕೆ ಕೂತಾಗ ತೆಗೆದು ಹಾಕಿದ್ದು. ಮತ್ತೆ ಆ ಡಬ್ಬ ತೆಗೆದದ್ದು ಬಿಸು ಹಬ್ಬಕ್ಕೇ."

ಬಿಸು ಎಂದರೆ ಏಪ್ರಿಲ್ ನಡುವೆ. ತಿಂಗಳ ಮೇಲಾಗಿತ್ತು. ಅರಿಸಿನ-ಕುಂಕುಮದ ದಿನ ಅವರು ಕರಿಮಣಿಯನ್ನು ಪರ್ಸಿಗೆ ಹಾಕಿಯೇ ಇರಲಿಲ್ಲ. ದಿನಾ ಹಾಕುತ್ತಿದ್ದುದರಿಂದ ಅಂದೂ ಹಾಕಿದ್ದು ಅವರ ಕೈಗೆ ನೆನಪಿತ್ತು, ಅಷ್ಟೆ. ಖಾಲಿ ಪರ್ಸು ಬೆಳಿಗ್ಗೆ ಮನೆಯಿಂದಲೇ ಖಾಲಿಯಾಗಿ ಹೊರಟಿತ್ತು.

"ಆಕಿಗೆ ಹೇಳಲಿಲ್ಲಲ್ಲ ಅಕ್ಕ?"

"ಹೇಗೆ ಹೇಳುವುದು? ಎಲ್ಲರ ಎದುರು ನನ್ನ ಮುಖ ಎಲ್ಲಿಡಲಿ? ಅವಳು ಬೇರೆ ಗಾಡಿ ಹಿಡಿದಿರಬಹುದು, ಈಗ ಅದನ್ನೆಲ್ಲ ಕೆದಕಿ ಎಂತ ಮಾಡುವುದು?"

"ಆಕಿ ದಿನಾ ದಿವಾದಾಗ ನಿಂತಿರ್ತಾಳ. ನೀವೂ ನೋಡ್ತೀರಿ."

ಅಕ್ಕ ನನ್ನನ್ನೇ ನೋಡಿದರು. ಜ್ವರದ ಕಣ್ಣು ಕೆಂಪಾಗಿತ್ತು. "ಗೊತ್ತುಂಟಾ, ನೀನು ನೋಡಿಲ್ಲ ಅಂದಿದ್ದರೆ ನಾನು ಅವತ್ತೇ ಮನೆಗೆ ಬಂದು ಮೂಲೆ ಮೂಲೆ ಹುಡುಕುತ್ತಿದ್ದೆ. ನೀನು ನೋಡಿದ್ದೇನೆ ಅಂದಿ. ನಾನು ಹುಡುಕಲೇ ಇಲ್ಲ."

ಅವರ ಮನೆಯಿಂದ ಹೊರಬಿದ್ದಾಗ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಹೇಳುವುದಿಲ್ಲ. ಹೇಳಿದರೆ ಸುಲಭವಾದ ಉತ್ತರ ಬರುತ್ತದೆ.

ಮರುದಿನ ಬೆಳಿಗ್ಗೆ ದಿವಾದಲ್ಲಿ ಇಳಿದೆ. ಇಳಿಯುವುದೂ ಸುಲಭವಲ್ಲ, ಬಾಗಿಲ ಗೋಡೆ ಒಳಗಿನವರಿಗೂ ಗೋಡೆಯೇ. ಅವಳು ಮೆಟ್ಟಿಲಿನ ಹತ್ತಿರ ನಿಂತಿದ್ದಳು. ತೆಳ್ಳಗಾಗಿದ್ದಳು, ಅಥವಾ ನನಗೆ ಹಾಗೆ ಕಾಣಬೇಕಾಗಿತ್ತು.

"ಕರಿಮಣಿ ಸಿಕ್ಕೈತಿ" ಎಂದೆ. "ಅಕ್ಕನ ಮನ್ಯಾಗ ಇತ್ತು."

ಅವಳು ಹಳಿಯ ಕಡೆ ನೋಡುತ್ತಿದ್ದಳು.

"ನನ್ನಿಂದ ತಪ್ಪಾತು. ನಾ ಪರ್ಸು ನೋಡಿರಲಿಲ್ಲ."

"ಆವತ್ತ ನೋಡೀನಿ ಅಂದ್ರಿ. ಇವತ್ತ ನೋಡಿಲ್ಲ ಅಂತೀರಿ. ಯಾವುದು ಖರೆ ಅಂತ ತಿಳೀಲಿ ಮೇಡಂ?"

ವೈನಿ ಹೋಗಿ ಮೇಡಂ ಆಗಿದ್ದೆ. ಇನ್ನೊಂದು ಗಾಡಿ ಬಂತು. ನಾನು ಏನೋ ಹೇಳುತ್ತಿದ್ದೆ, ಅವಳು ಒಂದು ಕಾಲು ಮುಂದಿಟ್ಟು ನನ್ನ ಮಾತಿಗಾಗಿ ತಿರುಗಿದಳು. ಅಷ್ಟರಲ್ಲಿ ಗಾಡಿ ಹೊರಟಿತು.

"ನೋಡ್ರಿ, ನಿಮ್ಮ ಕೂಡ ಮಾತಾಡ್ಕೋತ ಇದೂ ಹೋತು." ಅವಳ ದನಿ ಮೊದಲ ಬಾರಿಗೆ ಏರಿತು. "ಈ ತಿಂಗಳ ಮೂರು ಸಲ ಲೇಟ್ ಆಗೇತಿ. ಇವತ್ತಿಂದು ನಾಕನೇದು. ಇನ್ನೊಂದು ಆತಂದ್ರ ಬರಬ್ಯಾಡ ಅಂದಾರ. ಇಲ್ಲಿ ಯಾಕ ಹೇಳಾಕತ್ತೀರಿ ನನಗ? ನನಗ ಗೊತ್ತಿಲ್ಲೇನು ನಾ ಕದ್ದಿಲ್ಲ ಅಂತ? ಅಲ್ಲಿ ಹೇಳ್ರಿ, ಡಬ್ಬಿ ಒಳಗ. ಬಾಗಲಾ ಹಿಡಕೊಂಡು ನಿಂತಾರಲ್ಲ, ಅವರಿಗೆ ಹೇಳ್ರಿ."

ಹೇಳಿದೆ. ಮರುದಿನ, ಗಾಡಿ ಡೋಂಬಿವಲಿ ಬಿಟ್ಟ ಕೂಡಲೇ. ಅಕ್ಕನೂ ಆ ದಿನ ಬಂದಿದ್ದರು. ನಾನು ನಿಂತುಕೊಂಡು ಮರಾಠಿಯಲ್ಲಿ, ಬಾಗಿಲಿನವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಕರಿಮಣಿ ಮನೆಯಲ್ಲೇ ಇತ್ತು, ಅವಳು ತೆಗೆದದ್ದು ಕುಂಕುಮದ ಕರಡಿಗೆ, ನಾನು ಹೇಳಿದ್ದು ತಪ್ಪು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಯಾರೋ, "ಜಾಊ ದ್ಯಾ, ಬಿಟ್ಟುಬಿಡಿ, ಆಗಿ ಹೋದದ್ದು" ಎಂದರು. ಇನ್ನೊಬ್ಬಳು ಅಕ್ಕನ ಕೊರಳನ್ನು ನೋಡಿದಳು. ಅಲ್ಲಿ ನಕಲಿಯಿತ್ತು, ನಕಲಿಯಿಂದ ಏನೂ ತಿಳಿಯುವುದಿಲ್ಲ. ಈ ಧಾರವಾಡದವಳಿಗೂ ಅಕ್ಕನಿಗೂ ಏನೋ ಬಿದ್ದಿದೆ ಎಂದು ಅವರಿಗೆ ಅನಿಸಿದ್ದು ಮುಖದಲ್ಲಿ ಕಂಡಿತು. ಆಗ ಅಕ್ಕ ತಿರುಗದೆಯೇ, "ಹ್ಞಾಂ, ಸಿಕ್ಕಿದೆ" ಎಂದು ಮರಾಠಿಯಲ್ಲಿ ಒಂದೇ ಮಾತು ಹೇಳಿದರು.

ದಿವಾ ಬಂತು. ನಾನು ಬಾಗಿಲಿಗೆ ನುಗ್ಗಿದೆ. ಹಿಂದೊಮ್ಮೆ ಬ್ಯಾಗು ಎದೆಗೆ ಹಾಕಿಕೊಂಡಿದ್ದ ಮರಾಠಿಯವಳೇ, "ಸರಕಾ ಗ, ಯೇಊ ದ್ಯಾ ತಿಲಾ" ಸರಿಯಿರೇ, ಅವಳು ಒಳಗೆ ಬರಲಿ ಎಂದು ಪಕ್ಕದವರನ್ನು ಮೊಣಕೈಯಿಂದ ಸರಿಸಿದಳು. ದಿವಾದವಳು ಒಳಗೆ ಬಂದಳು. ಅವಳ ಹಿಂದೆ ಮತ್ತಿಬ್ಬರು ಬರಲು ನೋಡಿದರು, ಅವರಿಗೆ ಗೋಡೆ ಮತ್ತೆ ಕೂಡಿಕೊಂಡಿತು.

"ಹೇಳಿದೆ" ಎಂದೆ ಅವಳಿಗೆ. "ಎಲ್ಲಾ ಹೇಳಿದೆ."

"ಎಲ್ಲಾ ಅಂದ್ರ?"

"ಪರ್ಸು ನೋಡಿಲ್ಲ ಅಂತ. ಆವತ್ತು ವಿ.ಟಿ.ಯಾಗ ಹೇಳಬೇಕಂದ್ರ ಇಂಡಿಕೇಟರ್ ಬಿತ್ತು, ಎಲ್ಲಾರೂ ಓಡಿದರು, ಅದಕ್ಕ..."

ಅವಳು ನನ್ನನ್ನು ತಡೆದಳು. "ಇಂಡಿಕೇಟರ್ ಬಿದ್ದಿದ್ದು ಖರೆ. ಆದ್ರ ನಾವು ಓಡಲಿಲ್ಲ. ಆ ಗಾಡಿ ಬಿಟ್ವಿ. ನಾ ನಿಮ್ಮ ಕೈ ಹಿಡಕೊಂಡು ಕೇಳಿದೆ, 'ಅಕ್ಕಾರ ಕರಡಿಗಿ ತಗೀ ಅಂದಿದ್ದು ನೀವು ಕೇಳ್ಸಿಕೊಂಡಿಲ್ಲೇನ್ರಿ' ಅಂತ. ನೀವು ಕೈ ಬಿಡಿಸಿಕೊಂಡ್ರಿ. 'ನನ್ನ ಇದರಾಗ ತರಬ್ಯಾಡ' ಅಂದ್ರಿ. ಆಮ್ಯಾಲೆ ಮುಂದಿನ ಗಾಡಿ ಬಿತ್ತು. ಅದಕ್ಕ ಓಡಿದ್ರಿ."

ನನಗೆ ಅದು ಒಂದಿಷ್ಟೂ ನೆನಪಿರಲಿಲ್ಲ. ಕೈ ಹಿಡಿದದ್ದಾಗಲಿ, ಬಿಡಿಸಿಕೊಂಡದ್ದಾಗಲಿ. ಅವಳು ಸಿಟ್ಟಿನಲ್ಲಿ ಕಟ್ಟಿಕೊಂಡದ್ದಿರಬೇಕು ಎನಿಸಿತು. ನಾಲ್ಕು ತಿಂಗಳು ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಏನೇನನ್ನೋ ಕಟ್ಟಿಕೊಳ್ಳಬಹುದು. ವಿ.ಟಿ.ವರೆಗೂ ಹೀಗೆಯೇ ಅಂದುಕೊಳ್ಳುತ್ತ ಬಂದೆ. ಅವಳು ಬಾಗಿಲ ಹತ್ತಿರ, ನಾನು ಸೀಟಿನ ಹತ್ತಿರ, ನಡುವೆ ಹತ್ತಾರು ಜನ.

ಗಾಡಿ ನಿಂತ ಮೇಲೆ ಇಳಿದು, ಕಂಬಕ್ಕೆ ಒರಗಿ ಫೋನು ತೆಗೆದೆ. ಗಂಡನಿಗೆ ನಾನು ಕಳಿಸುವ ಸಂದೇಶಗಳು ಒಂದೇ ತರಹದವು, ಅವನು ಯಾವುದನ್ನೂ ಅಳಿಸುವುದಿಲ್ಲ, ನಾನೂ ಅಳಿಸುವುದಿಲ್ಲ. ಜನವರಿಗೆ ಹೋದೆ. ಚಹಾ ಜಾಲರಿಯ ಫೋಟೋ ಕಳಿಸಿದ ದಿನ. ಅದರ ಕೆಳಗೆ ಸಂಜೆಯದು: "ನಮ್ಮ ಗಾಡಿ ಬಿಟ್ಟಿವಿ. ಮುಂದಿನದಕ್ಕ ಬರ್ತೀನಿ. ಕುಕ್ಕರ್ ಇಡ್ರಿ."

ನಾನೇ ಬರೆದದ್ದು. ಕೈ ಬಿಡಿಸಿಕೊಂಡ ವಿಷಯ ಅದರಲ್ಲಿಲ್ಲ. ಅದೊಂದನ್ನು ಇನ್ನೂ ಅನುಮಾನಿಸಬಹುದಿತ್ತು. ಆದರೆ ಮೊದಲ ಗಾಡಿ ಹತ್ತದೆ ಬಿಟ್ಟಿದ್ದು ನಿಜವಾದರೆ ಉತ್ತರ ಹೇಳಲು ಸಮಯವಿತ್ತು, ಬೇಕಾದಷ್ಟಿತ್ತು.

ಅವಳು ಹಜಾರ ದಾಟುತ್ತಿದ್ದಳು. ನೂರಾರು ಜನರನ್ನು ಸರಿಸಿಕೊಂಡು ಓಡಿ, ಹೊರಗಿನ ಸಬ್‌ವೇಯ ಬಾಯಲ್ಲಿ ಹಿಡಿದೆ. ಉಸಿರು ಸಿಗುತ್ತಿರಲಿಲ್ಲ.

"ನೀ ಹೇಳಿದ್ದು ಖರೆ. ನಾವು ಗಾಡಿ ಬಿಟ್ಟಿದ್ವಿ. ಫೋನಿನ್ಯಾಗ ಐತಿ, ನೋಡು."

ಅವಳು ಫೋನಿನ ಕಡೆ ನೋಡಲಿಲ್ಲ.

"ನಂಗ ಗೊತ್ತೈತ್ರೀ" ಎಂದಳು. "ಬಿಡ್ರಿ, ಬೆರಳೊತ್ತಬೇಕು. ಆರು ನಿಮಿಷ ಐತಿ."

ಮೆಟ್ಟಿಲಿಳಿದು ಹೋದಳು, ಎರಡೆರಡು ಮೆಟ್ಟಿಲಿಗೆ ಒಂದು ಹೆಜ್ಜೆ ಹಾಕುತ್ತ.